ಹೆಪ್ಪುಗಟ್ಟಿದ ಹೊಳೆಯ ದೋಣಿಯಾಟ

ಮಾರ್ಗಶಿರ ಕಳೆದು ಪುಷ್ಯಮಾಸ ಕಾಲಿರಿಸುವ ಹೊತ್ತಿಗೆ, ಸಹ್ಯಾದ್ರಿಯ ಮೂಡಣ ಇಳುಕಲಿನಲ್ಲಿ ಸಮುದ್ರಮಟ್ಟದಿಂದ ಸುಮಾರು 2500 ಅಡಿಗಳ ಎತ್ತರದಲ್ಲಿ ನೆಲೆಗೊಂಡಿರುವ ಬೆಳಗಾವಿ ನಗರದ ಚಳಿಗೆ ಒಂದು ಗಾಂಭೀರ್ಯ ಪ್ರಾಪ್ತವಾಗುತ್ತದೆ. ಕೋಟೆಯ ಕೆರೆಯ ಮೇಲೆ ಬೆಳಗಿನ ಮಂಜು ಕವಿದು ಬಹುಹೊತ್ತು ಕರಗದೆ ನಿಲ್ಲುವುದು. ಅಲ್ಲಿಂದ ತೆಂಕಣಕ್ಕೆ ಸುಮಾರು 26 ಕಿಲೋಮೀಟರು ದೂರದ ಖಾನಾಪುರದಲ್ಲಿ, ಮಳೆಗಾಲದ ಕೆಂಬಣ್ಣವನ್ನೂ ಅಬ್ಬರವನ್ನೂ ಕಳೆದುಕೊಂಡ ಮಲಪ್ರಭೆಯು ಬಂಡೆಗಳ ನಡುವೆ ತಿಳಿಯಾಗಿ, ಕೃಶಳಾಗಿ ಹರಿಯುವಳು. ಮಕರ ಸಂಕ್ರಮಣದ ದಿನ ಅಸೋಗದ ರಾಮಲಿಂಗೇಶ್ವರನ ಸನ್ನಿಧಿಯಲ್ಲಿಯೂ ಹಬ್ಬನಹಟ್ಟಿಯ ಮಾರುತಿಯ ಗುಡಿಯ ಬಳಿಯಲ್ಲಿಯೂ ಹೊಳೆಗಿಳಿದು ಮೀಯುವ ಜನರು, ಆ ನೀರಿನ ಶೈತ್ಯಕ್ಕೆ ಹಲ್ಲು ಕಚ್ಚಿ ಮುಳುಗು ಹಾಕಿ, ದಡಕ್ಕೆ ಬಂದು ಎಳೆಬಿಸಿಲಿಗೆ ಮೈಯೊಡ್ಡುವರು. ನಮ್ಮ ನಾಡಿನಲ್ಲಿ ಹೊಳೆಯ ಚಳಿಗೆ ಇದೇ ಪರಮಾವಧಿ.

ಆದರೆ ಇದೇ ದಿನಗಳಲ್ಲಿ ಭೂಮಂಡಲದ ಬಡಗಣ ಭಾಗದಲ್ಲಿ ನದಿಗಳು ಮೇಲ್ಮೈಯಿಂದ ಹೆಪ್ಪುಗಟ್ಟತೊಡಗುತ್ತವೆ; ಮತ್ತು ಅಂತಹ ನದಿಗಳಲ್ಲೊಂದನ್ನು ದೋಣಿಯಲ್ಲಿ ಕುಳಿತು, ದೋಣಿಯೊಡನೆ ಓಡಿ, ದೋಣಿಯನ್ನೇ ಎಳೆದುಕೊಂಡು ದಾಟುವ ವಿಲಕ್ಷಣವಾದ ಶೀತಕಾಲದ ಕ್ರೀಡೆಯೊಂದು ಕೆನಡಾ ದೇಶದಲ್ಲಿ ಪ್ರತಿವರ್ಷವೂ ನಡೆದುಬರುತ್ತಿದೆ. ಹೆಪ್ಪುಗಟ್ಟಿದ ನದಿಯ ಮೇಲೆ ದೋಣಿಗೆ ಏನು ಕೆಲಸವೆಂಬ ಪ್ರಶ್ನೆ ಯಾರಿಗಾದರೂ ಸಹಜವಾಗಿ ಹುಟ್ಟತಕ್ಕದ್ದೇ. ಆ ಪ್ರಶ್ನೆಗೆ ಉತ್ತರವನ್ನು ಹುಡುಕುತ್ತ ಹೋದರೆ, ನೀರಿನ ಪ್ರಕೃತಿಧರ್ಮವೂ, ದಡದ ಜನರ ಕಷ್ಟಸಹಿಷ್ಣುತೆಯೂ, ಕೊನೆಗೆ ನಮ್ಮ ಖಾನಾಪುರದ ಅಡವಿಯ ಹಳ್ಳಗಳ ಒಂದು ಹಳೆಯ ಸಂಕಟವೂ ಒಂದೇ ಎಳೆಯಲ್ಲಿ ಕೂಡಿಕೊಂಡಿರುವುದು ಗೋಚರವಾಗುತ್ತದೆ.

ನೀರಿನ ಸ್ವಭಾವ

ಬಹುಪಾಲು ದ್ರವ್ಯಗಳು ತಣಿದಷ್ಟೂ ಸಾಂದ್ರವಾಗಿ, ಘನರೂಪ ತಾಳಿದಾಗ ತಮ್ಮದೇ ದ್ರವದಲ್ಲಿ ಮುಳುಗುತ್ತವೆ. ನೀರು ಈ ನಿಯಮಕ್ಕೆ ಅಪವಾದ. ಅದು 4 ಡಿಗ್ರಿ ಸೆಲ್ಸಿಯಸ್ಸಿನವರೆಗೆ ಕುಗ್ಗುತ್ತ ಹೋಗಿ, ಅಲ್ಲಿಂದ ಮುಂದೆ ತಣಿದಂತೆಲ್ಲ ಹಿಗ್ಗತೊಡಗುತ್ತದೆ. ಸೊನ್ನೆಯಲ್ಲಿ ಗಡ್ಡೆಯಾದಾಗ ಮತ್ತಷ್ಟು ಹಿಗ್ಗಿ ಹಗುರವಾಗುತ್ತದೆ. ಆದುದರಿಂದಲೇ ಮಂಜುಗಡ್ಡೆಯು ತನ್ನ ಗಾತ್ರದ ಹತ್ತರಲ್ಲಿ ಒಂಬತ್ತು ಪಾಲನ್ನು ನೀರೊಳಗಿರಿಸಿ, ಒಂದು ಪಾಲನ್ನು ಮಾತ್ರ ಹೊರಗೆ ತೋರುತ್ತ ತೇಲುವುದು. ಕೆರೆಯಾಗಲಿ ಹೊಳೆಯಾಗಲಿ ಮೇಲಿನಿಂದ ಹೆಪ್ಪುಗಟ್ಟುವುದಕ್ಕೂ, ಆ ಹೊದಿಕೆಯ ಕೆಳಗೆ ಮೀನುಗಳು ಚಳಿಗಾಲವನ್ನು ಕಳೆದು ಬದುಕಿ ಉಳಿಯುವುದಕ್ಕೂ ಇದೇ ಕಾರಣ.

ನಿಂತ ನೀರಿನ ಮೇಲೆ ಕಟ್ಟಿದ ಗಡ್ಡೆಯು ದಿನದಿನಕ್ಕೆ ದಪ್ಪವಾಗಿ ಮನುಷ್ಯರೂ ವಾಹನಗಳೂ ಸಂಚರಿಸಬಲ್ಲ ನೆಲವಾಗುತ್ತದೆ. ಹರಿಯುವ ನೀರಿನಲ್ಲಿ ಹಾಗಲ್ಲ. ಪ್ರವಾಹದ ವೇಗವು ಗಡ್ಡೆಯನ್ನು ಒಡೆಯುತ್ತದೆ, ಗಾಳಿ ಅದನ್ನು ತಳ್ಳುತ್ತದೆ, ಸಮುದ್ರದ ಭರತ ಇಳಿತಗಳಿಗೆ ಒಳಪಟ್ಟ ನದಿಯಾದರೆ ದಿನಕ್ಕೆ ಎರಡು ಸಲ ನೀರು ಏರಿ ಇಳಿದು ಅದನ್ನು ಎತ್ತಿ ಕುಕ್ಕುತ್ತದೆ. ಅಂತಹ ನದಿಯಲ್ಲಿ ಒಂದು ಕಡೆ ಅಂಗಳದಷ್ಟು ವಿಸ್ತಾರವಾದ ಹಲಗೆಗಳು ತೇಲಿಬರುತ್ತಿದ್ದರೆ, ಇನ್ನೊಂದು ಕಡೆ ಕರಿಯ ನೀರಿನ ಬಿರುಕು ಬಾಯ್ದೆರೆದಿರುತ್ತದೆ. ಮತ್ತೊಂದು ಕಡೆ ನುಚ್ಚಿನ ಗಂಜಿಯಂತೆ ನೀರೂ ಹಿಮದ ಕಣಗಳೂ ಬೆರೆತು, ಕಾಲೂರಿದರೆ ಹುಗಿಯುವ, ಹುಟ್ಟು ಹಾಕಿದರೆ ಸರಿಯದ ಒಂದು ಸಂಕರಸ್ಥಿತಿ ಏರ್ಪಟ್ಟಿರುತ್ತದೆ. ನಡೆದು ದಾಟುವೆನೆಂದರೆ ನಡುವೆ ನೀರು, ದೋಣಿಯಲ್ಲಿ ದಾಟುವೆನೆಂದರೆ ನಡುವೆ ಗಡ್ಡೆ. ಇಂತಹ ಹೊಳೆಯನ್ನು ದಾಟಬೇಕಾದರೆ ದೋಣಿಯ ಗುಣವೂ ಜಾರುಬಂಡಿಯ ಗುಣವೂ ಏಕತ್ರ ಸೇರಿದ ವಾಹನವೊಂದು ಅವಶ್ಯವಾಗುತ್ತದೆ.

ಸೇಂಟ್ ಲಾರೆನ್ಸ್ ನದಿಯ ಅಂಬಿಗರು

ಉತ್ತರ ಅಮೆರಿಕದ ಐದು ಮಹಾಸರೋವರಗಳ ನೀರನ್ನು ಅಟ್ಲಾಂಟಿಕ್ ಸಾಗರಕ್ಕೆ ಒಯ್ಯುವ ಸೇಂಟ್ ಲಾರೆನ್ಸ್ ನದಿಯು, 1608ರಲ್ಲಿ ಫ್ರೆಂಚರು ಸ್ಥಾಪಿಸಿದ ಕ್ವಿಬೆಕ್ ನಗರದ ಮುಂದೆ ಸುಮಾರು ಒಂದು ಕಿಲೋಮೀಟರಿನಷ್ಟು ಸಂಕೋಚಗೊಂಡು ಸಾಗುತ್ತದೆ. ಆಚೆಯ ದಡದಲ್ಲಿ ಲೆವಿ ಎಂಬ ಪಟ್ಟಣ. ಕಡಲಿನಿಂದ ಬಹುದೂರದಲ್ಲಿದ್ದರೂ ಇಲ್ಲಿ ಭರತ ಇಳಿತಗಳ ನಡುವೆ ನೀರಿನ ಮಟ್ಟವು ನಾಲ್ಕೈದು ಮೀಟರು ವ್ಯತ್ಯಾಸಗೊಳ್ಳುವುದುಂಟು. ಜನವರಿ ತಿಂಗಳಲ್ಲಿ ವಾಯುವಿನ ಉಷ್ಣತೆಯು ಸೊನ್ನೆಗಿಂತ ಹತ್ತು ಹನ್ನೆರಡು ಡಿಗ್ರಿ ಕೆಳಗಿರುವುದು ಅಲ್ಲಿ ಸಾಮಾನ್ಯ ಸಂಗತಿ. ಶೀತಕಾಲದ ಹಲವು ತಿಂಗಳು ನದಿಯ ಎರಡು ದಡಗಳೂ, ನದೀಮಧ್ಯದ ದ್ವೀಪಗಳೂ ಒಂದಕ್ಕೊಂದು ದೂರವಾಗಿ ಉಳಿಯಬೇಕಾಗಿತ್ತು.

ಹಾಗೆ ದೂರ ಉಳಿಯಲು ಮನುಷ್ಯನ ಅಗತ್ಯಗಳು ಬಿಡಲಿಲ್ಲ. ಪತ್ರಗಳ ಚೀಲ ಬರಬೇಕು, ರೋಗಿಗೆ ವೈದ್ಯರು ಬೇಕು, ಪ್ರಸವಕ್ಕೆ ಸೂಲಗಿತ್ತಿ ಬೇಕು, ಸಂತೆಗೆ ಸರಕು ಹೋಗಬೇಕು. ಆ ಭೂಮಿಯ ಮೂಲನಿವಾಸಿಗಳ ದೋಣಿವಿದ್ಯೆಯನ್ನು ಕಂಡು ಕಲಿತ ವಲಸಿಗರು, ಮರದ ದಿಮ್ಮಿಯನ್ನು ತೋಡಿ ಮಾಡಿದ ದೃಢವಾದ ಉದ್ದ ದೋಣಿಗಳನ್ನು ಈ ಚಳಿಗಾಲದ ದಾಟುವಿಕೆಗೆ ಅಳವಡಿಸಿಕೊಂಡರು. ಹಿಮದ ಹಲಗೆಯ ಮೇಲೆ ಎಳೆದಾಗ ಜಾರುವಂತೆ ದೋಣಿಯ ಅಡಿಯನ್ನು ನಯಗೊಳಿಸಿ, ಬೆನ್ನೆಲುಬಿನ ಮರವನ್ನು ಬಲಪಡಿಸಿದರು. ಲೆವಿಯ ಅಂಬಿಗರೂ, ನದಿಯ ಕೆಳಭಾಗದ ಕೂದ್ರ್ ಮತ್ತು ಗ್ರೂ ದ್ವೀಪಗಳ ನಿವಾಸಿಗಳೂ ತಲೆಮಾರುಗಳವರೆಗೆ ಈ ವೃತ್ತಿಯಲ್ಲಿ ನಿಷ್ಣಾತರಾಗಿದ್ದರು. ಪ್ರಯಾಣಿಕರನ್ನು ಕಂಬಳಿಗಳಲ್ಲಿ ಸುತ್ತಿ ದೋಣಿಯ ತಳದಲ್ಲಿ ಕೂರಿಸಿ, ತಾವು ಒಮ್ಮೆ ಹುಟ್ಟು ಹಾಕುತ್ತ ಒಮ್ಮೆ ಹಗ್ಗ ಹಿಡಿದೆಳೆಯುತ್ತ ಅವರನ್ನು ದಡ ಮುಟ್ಟಿಸುವುದು ಅವರ ನಿತ್ಯದ ಕಾಯಕವಾಗಿತ್ತು.

ಹತ್ತೊಂಬತ್ತನೆಯ ಶತಮಾನದ ಉತ್ತರಾರ್ಧದಲ್ಲಿ, ಹಿಮವನ್ನು ಸೀಳಬಲ್ಲ ಉಗಿಹಡಗುಗಳು ಶೀತಕಾಲದಲ್ಲಿಯೂ ಓಡಾಡತೊಡಗಿದವು. 1917ರಲ್ಲಿ ಕ್ವಿಬೆಕ್ ಸೇತುವೆ ಸಿದ್ಧವಾಗಿ ರೈಲುಗಾಡಿಯು ನದಿಯನ್ನು ದಾಟಿತು. ಇಪ್ಪತ್ತನೆಯ ಶತಮಾನದ ನಡುವಿನ ಹೊತ್ತಿಗೆ ವಿಮಾನವು ದ್ವೀಪಗಳಿಗೂ ಅಂಚೆಯನ್ನು ಮುಟ್ಟಿಸತೊಡಗಿತು. ಅಂಬಿಗರ ವೃತ್ತಿ ಹೀಗೆ ಮೆಲ್ಲಮೆಲ್ಲನೆ ಅವಸಾನಗೊಂಡಿತು. ಆದರೆ ವಿದ್ಯೆ ಅವಸಾನಗೊಳ್ಳಲಿಲ್ಲ. 1894ರಲ್ಲಿ ಕ್ವಿಬೆಕ್ ನಗರವು ಏರ್ಪಡಿಸಿದ ಶೀತಕಾಲದ ಉತ್ಸವದಲ್ಲಿ ಈ ದೋಣಿಗಳ ಪಂದ್ಯವೂ ನಡೆಯಿತು. 1955ರಲ್ಲಿ ಆ ಉತ್ಸವವು ಪುನರುಜ್ಜೀವನಗೊಂಡಂದಿನಿಂದ ದೋಣಿಪಂದ್ಯವು ಅದರ ಪ್ರಧಾನ ಆಕರ್ಷಣೆಯಾಗಿ ಬೆಳೆದಿದೆ. ಒಂದು ಕಾಲಕ್ಕೆ ಅಂಚೆಯ ಚೀಲವನ್ನು ಹೊತ್ತ ದೋಣಿಯ ವಂಶದ ದೋಣಿಯನ್ನೇ ಇಂದು ವೈದ್ಯರೂ, ಉಪಾಧ್ಯಾಯರೂ, ವಿದ್ಯಾರ್ಥಿಗಳೂ ಬಿಡುವಿನ ವೇಳೆಯಲ್ಲಿ ಅಭ್ಯಾಸ ಮಾಡಿ ಓಡಿಸುತ್ತಾರೆ. ಸ್ತ್ರೀಯರ ತಂಡಗಳೂ ಪುರುಷರ ತಂಡಗಳಷ್ಟೇ ಉತ್ಸಾಹದಿಂದ ಸ್ಪರ್ಧಿಸುತ್ತವೆ. 2014ರಲ್ಲಿ ಕ್ವಿಬೆಕ್ ಪ್ರಾಂತದ ಸರ್ಕಾರವು ಈ ವಿದ್ಯೆಯನ್ನು ತನ್ನ ಅಮೂರ್ತ ಸಾಂಸ್ಕೃತಿಕ ಪರಂಪರೆಯ ಅಂಗವೆಂದು ವಿಧ್ಯುಕ್ತವಾಗಿ ಅಂಗೀಕರಿಸಿತು.

ಆಟದ ಕ್ರಮವನ್ನು ಸ್ವಲ್ಪ ವಿವರವಾಗಿ ತಿಳಿಯುವುದು ಯೋಗ್ಯ. ದೋಣಿಯ ಉದ್ದ ಎಂಟು ಮೀಟರಿಗೂ ಮಿಕ್ಕು. ಭಾರ ನೂರು ಕಿಲೋಗ್ರಾಮಿಗೂ ಹೆಚ್ಚು. ಹಿಂದೆ ಮರದಿಂದ ಮಾಡುತ್ತಿದ್ದುದನ್ನು ಈಗ ಗಾಜಿನ ನಾರು ಮೊದಲಾದ ಹಗುರವಾದ ಪದಾರ್ಥಗಳಿಂದ ಮಾಡುತ್ತಾರೆ. ತಂಡದಲ್ಲಿ ಐವರು. ನಾಲ್ವರು ಹುಟ್ಟು ಹಾಕುವವರು. ಐದನೆಯವನು ಹಿಂಭಾಗದಲ್ಲಿದ್ದು ದಿಕ್ಕು ನಿರ್ಣಯಿಸುವ ನಾಯಕ. ತೆರೆದ ನೀರು ಸಿಕ್ಕಾಗ ಎಲ್ಲರೂ ಕುಳಿತು ಹುಟ್ಟು ಹಾಕುವರು. ಗಡ್ಡೆಯ ಹಲಗೆ ಎದುರಾದೊಡನೆ ಅದರ ಅಂಚಿಗೆ ದೋಣಿಯ ಮೂತಿಯನ್ನು ಏರಿಸಿ, ಎಲ್ಲರೂ ಏಕಕಾಲದಲ್ಲಿ ಹೊರಗೆ ಹಾರಿ, ಮುಳ್ಳಿನ ಅಟ್ಟೆಯ ಪಾದರಕ್ಷೆಗಳನ್ನು ಹಿಮಕ್ಕೆ ಊರಿ, ದೋಣಿಯನ್ನು ತಳ್ಳುತ್ತ ಓಡುವರು. ಹಿಮವು ನಂಬಲರ್ಹವಲ್ಲದ ತೆಳುವಾದ ಕಡೆಗಳಲ್ಲಿ ಒಂದು ಕಾಲನ್ನು ದೋಣಿಯೊಳಗೆ ಮಡಿಚಿಟ್ಟು, ಇನ್ನೊಂದನ್ನು ಹೊರಗಿಳಿಸಿ, ಐದೂ ಜನರ ಕಾಲು ಒಂದೇ ಲಯದಲ್ಲಿ ನೆಲವನ್ನೊದೆಯುವಂತೆ ಮಾಡಿ ಮುಂದೆ ಸಾಗುವರು. ಕಾಲ ಕೆಳಗಿನ ಹಲಗೆ ಮುರಿದರೆ, ದೋಣಿಯ ಅಂಚನ್ನು ಬಿಡದೆ ಹಿಡಿದವನು ದೇಹದ ಭಾರವನ್ನು ಒಳಕ್ಕೆ ಎಳೆದುಕೊಳ್ಳುತ್ತಾನೆ. ಹಿಡಿತ ತಪ್ಪಿದವನನ್ನು ಸಂಗಡಿಗರು ಎತ್ತಿಕೊಳ್ಳುತ್ತಾರೆ. ಶೀತವನ್ನು ತಡೆಯುವ ರಬ್ಬರಿನ ಉಡುಪೂ ತೇಲುವ ಅಂಗಿಯೂ ಇರುವುದರಿಂದ ಅಂತಹ ಮುಳುಗು ಇಂದು ಪ್ರಾಣಾಂತಿಕವಾಗುವುದು ವಿರಳ.

ಎಲ್ಲಕ್ಕಿಂತ ಮಿಗಿಲಾದುದು ನಾಯಕನ ದೃಷ್ಟಿ. ಗುರಿಯಿರುವ ಕಡೆಗೆ ನೇರವಾಗಿ ದೋಣಿ ಬಿಟ್ಟವನು ಅದನ್ನು ಮುಟ್ಟಲಾರ. ಪ್ರವಾಹವು ತನ್ನನ್ನೂ, ತಾನು ನಿಂತ ಗಡ್ಡೆಯನ್ನೂ ಎಷ್ಟು ದೂರ ಕೆಳಕ್ಕೆ ಒಯ್ಯುವುದೆಂದು ಮೊದಲೇ ಲೆಕ್ಕ ಹಾಕಿ, ದಡದ ಪಕ್ಕದಲ್ಲಿಯೇ ಮೇಲ್ಮುಖವಾಗಿ ಒಂದಷ್ಟು ಸಾಗಿ, ಅನಂತರ ನದಿಯ ನಡುವಿಗೆ ತಿರುಗಬೇಕು. ತುಂಬಿದ ಹೊಳೆಯನ್ನು ದಾಟಿಸುವ ನಮ್ಮ ಅಂಬಿಗನೂ ಇದನ್ನೇ ಮಾಡುವನು: ದಡಕ್ಕೆ ಅಂಟಿಕೊಂಡು ಮೇಲೇರಿ, ಆಮೇಲೆ ಸೆಳವಿಗೆ ಒಪ್ಪಿಸಿಕೊಂಡು, ಆಚೆಯ ಘಟ್ಟಕ್ಕೆ ಸರಿಯಾಗಿ ದೋಣಿಯನ್ನು ತಂದು ನಿಲ್ಲಿಸುವನು. ಸಾವಿರಾರು ಮೈಲಿಗಳ ಅಂತರದಲ್ಲಿ, ಪರಸ್ಪರರ ಹೆಸರನ್ನೂ ಕೇಳದ ಎರಡು ಜನಸಮುದಾಯಗಳು ಒಂದೇ ಸೂತ್ರವನ್ನು ಕಂಡುಕೊಂಡುದಕ್ಕೆ ನೀರೇ ಇಬ್ಬರಿಗೂ ಗುರುವಾದುದು ಕಾರಣ.

ಒಂದು ವಾಗ್ದಾನದ ಕಥೆ

ಕೆನಡಾದ ಪೂರ್ವ ಕರಾವಳಿಯಲ್ಲಿ ಪ್ರಿನ್ಸ್ ಎಡ್ವರ್ಡ್ ಎಂಬ ದ್ವೀಪವಿದೆ. ಅದನ್ನು ಮುಖ್ಯಭೂಮಿಯಿಂದ ಬೇರ್ಪಡಿಸುವ ಜಲಸಂಧಿಯು ಚಳಿಗಾಲದಲ್ಲಿ ಹಿಮದ ಹಲಗೆಗಳಿಂದ ತುಂಬಿ, ಹಡಗಿನ ಸಂಚಾರಕ್ಕೆ ಅಯೋಗ್ಯವಾಗುತ್ತಿತ್ತು. 1827ರಿಂದ ಅಲ್ಲಿ ಅಂಚೆಯನ್ನೂ ಪ್ರಯಾಣಿಕರನ್ನೂ ಹಿಮದೋಣಿಗಳಲ್ಲಿ ಸಾಗಿಸುವ ವ್ಯವಸ್ಥೆ ಏರ್ಪಟ್ಟಿತು. ಅಡಿಗೆ ತಗಡು ಹೊದಿಸಿದ ಆ ದೋಣಿಗಳ ಪಕ್ಕಗಳಿಗೆ ಚರ್ಮದ ಪಟ್ಟಿಗಳನ್ನು ಕಟ್ಟಿರುತ್ತಿದ್ದರು. ಅವನ್ನು ಹೆಗಲಿಗೆ ಹಾಕಿಕೊಂಡು ದೋಣಿಯೆಳೆಯುವ ಪ್ರಯಾಣಿಕನಿಗೆ ಕಡಿಮೆ ದರ, ಕುಳಿತೇ ಬರುವೆನೆನ್ನುವವನಿಗೆ ಹೆಚ್ಚಿನ ದರ. ಪಟ್ಟಿ ಹೆಗಲಿಗಿದ್ದರೆ ಹಿಮ ಕುಸಿದಾಗ ನೀರುಪಾಲಾಗದೆ ದೋಣಿಗೆ ತಗುಲಿಕೊಂಡು ಉಳಿಯಬಹುದೆಂಬ ರಕ್ಷಣೆಯೂ ಅದರಲ್ಲಿತ್ತು.

1873ರಲ್ಲಿ ಆ ದ್ವೀಪವು ಕೆನಡಾ ಒಕ್ಕೂಟವನ್ನು ಸೇರುವಾಗ, ಚಳಿಗಾಲ ಬೇಸಗೆಗಳೆರಡರಲ್ಲಿಯೂ ಮುಖ್ಯಭೂಮಿಯೊಡನೆ ಅವಿಚ್ಛಿನ್ನವಾದ ಸಂಪರ್ಕವನ್ನು ಕಲ್ಪಿಸಿಕೊಡುವೆವೆಂದು ಕೇಂದ್ರಸರ್ಕಾರವು ವಾಗ್ದಾನ ಮಾಡಿತು. ವಾಗ್ದಾನವು ಕಾಗದದಲ್ಲಿಯೇ ಉಳಿದು, ಜನರು ಹಿಮದೋಣಿಯಲ್ಲಿಯೇ ದಾಟುತ್ತಿದ್ದರು. 1885ರ ಜನವರಿಯಲ್ಲಿ ಮೂರು ದೋಣಿಗಳ 22 ಮಂದಿ ಹಿಮಬಿರುಗಾಳಿಗೆ ಸಿಕ್ಕು ಜಲಸಂಧಿಯ ನಡುವೆಯೇ ರಾತ್ರಿ ಕಳೆಯಬೇಕಾಗಿ ಬಂದಾಗ, ಮೈ ಕಾಯಿಸಿಕೊಳ್ಳಲು ದೋಣಿಯೊಂದನ್ನೇ ಒಡೆದು ಸುಡಬೇಕಾಯಿತು. ಆ ದುರ್ಘಟನೆಯ ಅನಂತರ ದ್ವೀಪವಾಸಿಗಳ ಕೂಗು ಪ್ರಬಲವಾಯಿತು. ಆದರೂ ರೈಲುಗಾಡಿಗಳನ್ನು ಹೊತ್ತು ಹಿಮವನ್ನು ಸೀಳುವ ಹಡಗು ಬಂದು ಹಿಮದೋಣಿಗಳು ನಿವೃತ್ತವಾದುದು 1917ರಲ್ಲಿ, 12.9 ಕಿಲೋಮೀಟರು ಉದ್ದದ ಸೇತುವೆಯ ಮೇಲೆ ಜನರು ನಿರಾತಂಕವಾಗಿ ಸಂಚರಿಸತೊಡಗಿದುದು 1997ರಲ್ಲಿ. ವಾಗ್ದಾನಕ್ಕೂ ಸೇತುವೆಗೂ ನಡುವೆ 124 ವರ್ಷಗಳು ಸಂದುಹೋದವು.

ನಮ್ಮ ಭರತಖಂಡದಲ್ಲಿಯೂ ಇದಕ್ಕೆ ಸಮೀಪದ ಉದಾಹರಣೆಗಳುಂಟು. ಕಾಶ್ಮೀರದಲ್ಲಿ ಡಿಸೆಂಬರ್ 21ರಿಂದ ನಲವತ್ತು ದಿನಗಳ ಪರ್ಯಂತ ಇರುವ ಚಿಲ್ಲೈ ಕಲಾನ್ ಎಂಬ ಕಡುಚಳಿಯ ಅವಧಿಯಲ್ಲಿ ದಾಲ್ ಸರೋವರದ ಅಂಚುಗಳು ಹೆಪ್ಪುಗಟ್ಟಿದಾಗ, ಶಿಕಾರಾ ನಡೆಸುವವರು ಹುಟ್ಟಿನಿಂದಲೇ ಗಡ್ಡೆಯನ್ನು ಕುಟ್ಟಿ ಒಡೆಯುತ್ತ ದಾರಿ ಬಿಡಿಸಿಕೊಳ್ಳುತ್ತಾರೆ. ಲಡಾಖಿನ ಜಾಂಸ್ಕರ್ ನದಿಯು ಮಾಘಮಾಸದ ಸುಮಾರಿಗೆ ಗಡ್ಡೆಗಟ್ಟಿ, ಚಾದರ್ ಎಂದು ಪ್ರಸಿದ್ಧವಾದ ಹಿಮದ ಹಾದಿಯಾಗುತ್ತದೆ. ಕಣಿವೆಯ ಜನರು ಬೆಣ್ಣೆಯನ್ನು ಲೇಹ ಪಟ್ಟಣಕ್ಕೆ ಮಾರಲೊಯ್ದುದೂ, ಮಕ್ಕಳನ್ನು ಶಾಲೆಗೆ ಕಳಿಸಿದುದೂ ಆ ಹಾದಿಯಲ್ಲಿಯೇ. ಇಂದು ಅದೇ ಹಾದಿಯಲ್ಲಿ ಬೆಂಗಳೂರು, ಮುಂಬಯಿಗಳ ತರುಣರು ವಿನೋದಕ್ಕಾಗಿ ಚಾರಣ ಹೋಗುತ್ತಾರೆ. ಇತ್ತ 2024ರ ಮಾರ್ಚಿನಲ್ಲಿ ನಿಮ್ಮು, ಪದುಮ್, ದಾರ್ಚಾ ಊರುಗಳನ್ನು ಬೆಸೆಯುವ ರಸ್ತೆಯ ಸಂಪರ್ಕ ಪೂರ್ಣಗೊಂಡಿತು. ರಸ್ತೆ ಬಂದಂತೆ ಹಿಮದ ಹಾದಿಯು ಅನಿವಾರ್ಯತೆಯ ಪಟ್ಟಿಯಿಂದ ಇಳಿದು ವಿಹಾರದ ಪಟ್ಟಿಗೆ ಸೇರುತ್ತಿದೆ.

ಕ್ವಿಬೆಕ್ಕಿನಲ್ಲಿ ನಡೆದುದೂ ಜಾಂಸ್ಕರಿನಲ್ಲಿ ನಡೆಯುತ್ತಿರುವುದೂ ಒಂದೇ. ಅಪಾಯಕರವಾದ ದಾಟುವಿಕೆಯು ಆಟವಾಗುವುದು, ಅದನ್ನು ದಾಟದೆಯೂ ಬದುಕು ಸಾಗಬಲ್ಲದು ಎಂಬ ಭದ್ರತೆ ಉಂಟಾದ ಅನಂತರ. ಮೊದಲು ಸೇತುವೆ, ಆಮೇಲೆ ಉತ್ಸವ.

ನಮ್ಮ ನೀರು, ನಮ್ಮ ನಾವೆ

ಕನ್ನಡ ನಾಡಿನ ದೋಣಿವಿದ್ಯೆಯೂ ಸಾಮಾನ್ಯವಾದುದಲ್ಲ. ಹನ್ನೆರಡನೆಯ ಶತಮಾನದ ಶರಣಸಂಕುಲದಲ್ಲಿ ಅಂಬಿಗರ ಚೌಡಯ್ಯನು ತನ್ನ ವೃತ್ತಿಯ ಹೆಸರನ್ನೇ ಅಂಕಿತವಾಗಿ ಧರಿಸಿ, ನಿರ್ಭೀತವಾದ ವಚನಗಳಿಂದ ಅಗ್ರಗಣ್ಯನಾದನು. ಖಾನಾಪುರ ತಾಲೂಕಿನ ಕಣಕುಂಬಿಯಲ್ಲಿ ಸುಮಾರು 792 ಮೀಟರು ಎತ್ತರದಲ್ಲಿ ಹುಟ್ಟಿದ ಮಲಪ್ರಭೆಯು, ಸವದತ್ತಿಯ ನವಿಲುತೀರ್ಥದಲ್ಲಿ ಅಣೆಕಟ್ಟಿನ ಜಲಾಶಯವನ್ನು ತುಂಬಿ, ಒಟ್ಟು 304 ಕಿಲೋಮೀಟರು ಹರಿದು ಕೃಷ್ಣೆಯನ್ನು ಕೂಡುವ ಕೂಡಲಸಂಗಮವು ಅದೇ ಶರಣರ ಪುಣ್ಯಭೂಮಿ. ಕೃಷ್ಣಾತೀರದ ಅಥಣಿ, ರಾಯಬಾಗ, ಚಿಕ್ಕೋಡಿಗಳ ಹಳ್ಳಿಗರಿಗೆ ಸೇತುವೆಗಳು ಬರುವ ಮೊದಲು ದೋಣಿಯೇ ದಾರಿಯಾಗಿತ್ತು.

ಹದಿನಾರನೆಯ ಶತಮಾನದಲ್ಲಿ ವಿಜಯನಗರಕ್ಕೆ ಬಂದ ಪೋರ್ಚುಗೀಸ್ ಪ್ರವಾಸಿ ಡೊಮಿಂಗೊ ಪಾಯೆಸನು ತುಂಗಭದ್ರೆಯ ಮೇಲೆ ಬುಟ್ಟಿಯಾಕಾರದ ನಾವೆಗಳನ್ನು ಕಂಡು ವರ್ಣಿಸಿದ್ದಾನೆ. ಅವೇ ನಮ್ಮ ಹರಿಗೋಲುಗಳು. ಸೀಳಿದ ಬಿದಿರನ್ನು ಹೆಣೆದು, ಹೊರಗೆ ಚರ್ಮವನ್ನು ಹೊದಿಸಿ ಮಾಡುತ್ತಿದ್ದ ಈ ನಾವೆಗೆ ಈಗ ಡಾಂಬರು ಬಳಿದ ಬಟ್ಟೆಯನ್ನೋ ಪ್ಲಾಸ್ಟಿಕ್ ಹಾಳೆಯನ್ನೋ ಹೊದಿಸುತ್ತಾರೆ. ಅದಕ್ಕೆ ಮೂತಿಯಿಲ್ಲ, ಬೆನ್ನೆಲುಬಿಲ್ಲ. ಗೇಣುದ್ದ ನೀರಿದ್ದರೂ ತೇಲುತ್ತದೆ, ಬಂಡೆಗೆ ತಾಗಿದರೆ ಒಡೆಯದೆ ಬಳುಕಿ ಸುತ್ತು ತಿರುಗಿ ಪಾರಾಗುತ್ತದೆ, ಕೆಲಸ ಮುಗಿದ ಮೇಲೆ ಒಬ್ಬನೇ ಬೆನ್ನಿನ ಮೇಲೆ ಹೊತ್ತು ಮನೆಗೊಯ್ಯಬಹುದು. ಹಿಮದ ನದಿಯು ಉದ್ದವಾದ, ನೇರವಾಗಿ ಜಾರುವ ದೋಣಿಯನ್ನು ಬೇಡಿದರೆ, ದಖ್ಖನ್ನಿನ ಬಂಡೆಗಲ್ಲಿನ ನದಿಯು ದುಂಡನೆಯ, ಬಳುಕುವ ನಾವೆಯನ್ನು ಬೇಡಿತು. ಆಯಾ ನದಿಯು ಬೇಡಿದುದನ್ನು ಆಯಾ ದಡದ ಕುಶಲಕರ್ಮಿಗಳು ಒದಗಿಸಿಕೊಟ್ಟರು.

ಚಳಿಗಾಲದ ನೌಕಾವಿಹಾರವೂ ನಮ್ಮ ಸೀಮೆಗೆ ಅಪರಿಚಿತವಲ್ಲ. ಬೆಳಗಾವಿಯ ಕೋಟೆಯ ಕೆರೆಯಲ್ಲಿ ಮಕ್ಕಳನ್ನು ಕೂರಿಸಿಕೊಂಡು ಪೆಡಲಿನ ದೋಣಿಯನ್ನು ತುಳಿಯುವ ಗೃಹಸ್ಥರನ್ನು ಎಲ್ಲರೂ ಕಂಡಿದ್ದಾರೆ. ಖಾನಾಪುರದ ತೆಂಕಣ ಗಡಿಯನ್ನು ದಾಟಿದರೆ ಉತ್ತರ ಕನ್ನಡದ ಜೋಯಿಡಾ ತಾಲೂಕು. ಅಲ್ಲಿ ಹುಟ್ಟಿ 184 ಕಿಲೋಮೀಟರು ಹರಿದು ಕಾರವಾರದ ಬಳಿ ಕಡಲು ಸೇರುವ ಕಾಳೀನದಿಯ ಮೇಲೆ, ಗಣೇಶಗುಡಿಯಿಂದ ಕೆಳಕ್ಕೆ, ನವೆಂಬರಿನಿಂದ ಬೇಸಗೆಯವರೆಗೆ ಗಾಳಿ ತುಂಬಿದ ರಬ್ಬರಿನ ತೆಪ್ಪಗಳಲ್ಲಿ ರಭಸದ ನೀರನ್ನು ಇಳಿಯುವ ಸಾಹಸಕ್ರೀಡೆ ನಡೆಯುತ್ತದೆ. ಮಳೆ ನಿಂತು ಉಳಿದ ಹೊಳೆಗಳೆಲ್ಲ ಬಡವಾದಾಗಲೂ ಅಲ್ಲಿ ರಭಸವಿರುವುದಕ್ಕೆ ಸೂಪಾ ಅಣೆಕಟ್ಟಿನ ವಿದ್ಯುದಾಗಾರದಿಂದ ಹೊರಬೀಳುವ ನೀರೇ ಆಧಾರ. ತೆಪ್ಪ ನಡೆಸುವವನು ಪ್ರಯಾಣಿಕರಿಗೆ ಮೊದಲು ಕಲಿಸುವ ಪಾಠವೂ ಕ್ವಿಬೆಕ್ಕಿನ ನಾಯಕನ ಪಾಠವೇ: ಎಲ್ಲರ ಹುಟ್ಟೂ ಒಂದೇ ಲಯದಲ್ಲಿ ಬೀಳಬೇಕು, ಒಬ್ಬನ ಆಜ್ಞೆಯನ್ನು ಎಲ್ಲರೂ ಕೇಳಬೇಕು, ಬಿದ್ದವನು ಗಾಬರಿಗೊಳ್ಳಬಾರದು. ಆ ವಿನೋದದ ಪ್ರವಾಹದ ಹಿಂದೆ, ಜಲಾಶಯದಲ್ಲಿ ಮುಳುಗಿಹೋದ ಸೂಪಾ ಎಂಬ ಊರಿನ ತ್ಯಾಗವೂ ಇರುವುದನ್ನು ವಿಹಾರಿಗಳು ನೆನೆಯುವುದು ಧರ್ಮ.

ಖಾನಾಪುರದ ಹಳ್ಳಗಳು

ಖಾನಾಪುರ ತಾಲೂಕಿನ ಪಡುವಣ ಭಾಗದಲ್ಲಿ, ಮಹದಾಯಿ ನದಿಯು ಜನ್ಮ ತಾಳುವ ಅರಣ್ಯದಲ್ಲಿ, 2011ರಲ್ಲಿ ಘೋಷಿತವಾದ ಭೀಮಗಡ ವನ್ಯಜೀವಿಧಾಮವಿದೆ. ಜಗತ್ತಿನಲ್ಲಿ ಅತಿ ವಿರಳವಾದ ರಾಟನ್ನನ ಬಾವಲಿಯು ವಾಸಿಸುವ ಬಾರಾಪೇಡೆಯ ಗುಹೆಗಳೂ ಅಲ್ಲಿಯೇ. ಆ ಅಡವಿಯ ಒಳಗೆ ಗವಾಳಿ, ಕೊಂಗಳಾ, ಪಾಸ್ತೋಳಿ, ಅಮಗಾಂವ, ಕೃಷ್ಣಾಪುರ, ತಳೇವಾಡಿ ಮೊದಲಾದ ಚಿಕ್ಕ ಚಿಕ್ಕ ಗ್ರಾಮಗಳು ಬಹುಕಾಲದಿಂದ ನೆಲೆಸಿವೆ. ಅಮಗಾಂವವು ರಾಜ್ಯದಲ್ಲಿಯೇ ಅತ್ಯಧಿಕ ಮಳೆ ಬೀಳುವ ಸ್ಥಳಗಳಲ್ಲೊಂದು. ಆಷಾಢ ಶ್ರಾವಣಗಳಲ್ಲಿ ಅಲ್ಲಿನ ಹಳ್ಳಗಳು ಉಕ್ಕಿದವೆಂದರೆ, ಈ ಗ್ರಾಮಗಳಿಗೂ ಹೊರಜಗತ್ತಿಗೂ ನಡುವೆ ಇರುವ ದಾರಿ ಮರದ ಬೊಡ್ಡೆಗಳನ್ನೂ ಬಿದಿರನ್ನೂ ಬಳ್ಳಿ ಹಗ್ಗಗಳಿಂದ ಬಿಗಿದು ಊರವರೇ ಕಟ್ಟಿಕೊಳ್ಳುವ ಕಾಲುಸಂಕವೊಂದೇ. ಜೋರಾದ ಪ್ರವಾಹ ಬಂದರೆ ಅದೂ ಕೊಚ್ಚಿಹೋಗುತ್ತದೆ, ಮರಳಿ ಕಟ್ಟಬೇಕು. ಆ ದಿನಗಳಲ್ಲಿ ಯಾರಾದರೂ ಹಾಸಿಗೆ ಹಿಡಿದರೆ, ಬಿದಿರಿನ ಬೊಂಬುಗಳಿಗೆ ಕಂಬಳಿ ಬಿಗಿದು, ಅದರಲ್ಲಿ ರೋಗಿಯನ್ನು ಮಲಗಿಸಿ, ಯುವಕರು ಸರದಿಯ ಮೇಲೆ ಹೆಗಲು ಕೊಟ್ಟು, ಮಳೆಯಲ್ಲಿ ಕಿಲೋಮೀಟರುಗಟ್ಟಲೆ ನಡೆದು ಗಾಡಿಯ ದಾರಿಗೆ ತರುತ್ತಾರೆ. ಮಳೆಗಾಲದಲ್ಲಿ ಇಂತಹ ಸುದ್ದಿಯು ಬೆಳಗಾವಿಯ ಪತ್ರಿಕೆಗಳಲ್ಲಿ ಪ್ರಕಟವಾಗುವುದನ್ನು ಓದುಗರು ಬಲ್ಲರು.

ಲೆವಿಯ ಅಂಬಿಗರು ಕಂಬಳಿಯಲ್ಲಿ ಸುತ್ತಿದ ರೋಗಿಯನ್ನು ಹಿಮದ ಮೇಲೆ ಎಳೆದುತಂದುದಕ್ಕೂ, ಈ ಯುವಕರು ಉಕ್ಕುವ ಹಳ್ಳದ ಮೇಲಿನ ಸಂಕವನ್ನು ರೋಗಿಯೊಡನೆ ದಾಟುವುದಕ್ಕೂ ಧೈರ್ಯದಲ್ಲಿ ಯಾವ ಅಂತರವೂ ಇಲ್ಲ. ಅಂತರವಿರುವುದು ಕಾಲದಲ್ಲಿ. ಅಲ್ಲಿ ಆ ಸಾಹಸವು ಚರಿತ್ರೆಯಾಗಿ, ಉತ್ಸವವಾಗಿ, ಸರ್ಕಾರದ ಗೌರವಕ್ಕೆ ಪಾತ್ರವಾದ ಪರಂಪರೆಯಾಗಿದೆ. ಇಲ್ಲಿ ಅದು ಈ ವರ್ಷದ, ಬರುವ ವರ್ಷದ ಬಾಳಾಗಿದೆ.

ಈ ಊರುಗಳಿಗೆ ದಾರಿ ಕಲ್ಪಿಸುವ ಪ್ರಶ್ನೆ ಸರಳವಾದುದಲ್ಲವೆಂಬುದನ್ನೂ ಒಪ್ಪಬೇಕು. ಭೀಮಗಡವು ಹುಲಿಗಳು ಸಂಚರಿಸುವ ಅರಣ್ಯ. ಅದರ ಒಳಗೆ ಡಾಂಬರಿನ ರಸ್ತೆಯನ್ನೂ ಭಾರಿ ಸೇತುವೆಗಳನ್ನೂ ತಂದರೆ, ರಸ್ತೆಯ ಹಿಂದೆಯೇ ಬರುವ ಕೊಡಲಿ, ಗಣಿ, ವಸತಿಗೃಹಗಳಿಂದ ಆ ಅಡವಿಯು ಉಳಿಯಲಾರದೆಂಬ ಆತಂಕ ನ್ಯಾಯಸಮ್ಮತವಾದುದು. ಆ ಕಾರಣದಿಂದ ಸರ್ಕಾರವು ಕುಟುಂಬವೊಂದಕ್ಕೆ 15 ಲಕ್ಷ ರೂಪಾಯಿಗಳ ಪರಿಹಾರವನ್ನಿತ್ತು, ಸ್ವ‌ಇಚ್ಛೆಯಿಂದ ಹೊರಬರುವವರಿಗೆ ಪುನರ್ವಸತಿ ಕಲ್ಪಿಸುವ ಯೋಜನೆಯನ್ನು ಮುಂದಿಟ್ಟಿದೆ. ತಳೇವಾಡಿಯ ಕುಟುಂಬಗಳು ಅದಕ್ಕೆ ಸಮ್ಮತಿಸಿವೆ. ಪೂರ್ವಜರ ಮನೆದೇವರನ್ನೂ ಗದ್ದೆಯನ್ನೂ ಬಿಟ್ಟು ಹೊರಡಲು ಮನಸ್ಸಾಗದವರೂ ಇದ್ದಾರೆ. ಹೊರಡುವವರಿಗೆ ಪರಿಹಾರದ ಹಣವು ಕಾಲವಿಳಂಬವಿಲ್ಲದೆ ಕೈಸೇರಿ, ಹೊಸ ನೆಲದಲ್ಲಿ ಶಾಲೆ, ಆಸ್ಪತ್ರೆ, ಬೇಸಾಯದ ಭೂಮಿ ದೊರೆಯಬೇಕು. ಉಳಿಯುವವರಿಗೆ, ಅಡವಿಗೆ ಅಪಾಯ ತಾರದಂತಹ, ಮನುಷ್ಯರು ಮಾತ್ರ ನಡೆದು ಹೋಗಬಲ್ಲ, ಪ್ರವಾಹಕ್ಕೆ ಕೊಚ್ಚಿಹೋಗದ ಕಾಲುಸೇತುವೆಗಳಾದರೂ ಬೇಕು. ಇವೆರಡರಲ್ಲಿ ಯಾವುದನ್ನೂ ಪೂರ್ಣಗೊಳಿಸದೆ ವರ್ಷವರ್ಷವೂ ಮುಂದೂಡುವುದು ಮಾತ್ರ ಯಾವ ನ್ಯಾಯಕ್ಕೂ ಸಲ್ಲದು. ಪ್ರಿನ್ಸ್ ಎಡ್ವರ್ಡ್ ದ್ವೀಪದ ಜನರಂತೆ ಕಾಗದದ ವಾಗ್ದಾನವನ್ನು ನೆಚ್ಚಿ ನೂರಿಪ್ಪತ್ತನಾಲ್ಕು ವರ್ಷ ಕಾಯುವಷ್ಟು ಅವಕಾಶ ಪಾಸ್ತೋಳಿಗಾಗಲಿ ಕೃಷ್ಣಾಪುರಕ್ಕಾಗಲಿ ಇಲ್ಲ.

ಕೆನಡಾದಿಂದ ನಾವು ಕಲಿಯಬೇಕಾದ ಎರಡನೆಯ ಪಾಠವೂ ಒಂದಿದೆ. ಅವಶ್ಯಕತೆ ತೀರಿದ ಮೇಲೂ ಅವರು ವಿದ್ಯೆಯನ್ನು ಬಿಸುಡಲಿಲ್ಲ. ಆಟದ ರೂಪದಲ್ಲಿ ಅದನ್ನು ಮಕ್ಕಳ ಕೈಗೆ ದಾಟಿಸಿದರು. ನಮ್ಮಲ್ಲಿ ಸೇತುವೆ ಬಂದ ಕಡೆಗಳಲ್ಲಿ ಹರಿಗೋಲು ಹೆಣೆಯುವವನ ಕೈ ಸುಮ್ಮನಾಗಿದೆ, ಸೆಳವಿನ ಲೆಕ್ಕ ಬಲ್ಲ ಅಂಬಿಗನ ಮಗ ನಗರದ ಕೂಲಿಗೆ ಹೋಗಿದ್ದಾನೆ. ನೆರೆ ಬಂದಾಗ ನಮಗೆ ಅವನ ನೆನಪಾಗುತ್ತದೆ; ನೆರೆ ಇಳಿದೊಡನೆ ಮರೆವು. ಕೃಷ್ಣೆ ಮಲಪ್ರಭೆಗಳ ದಡದ ಜಾತ್ರೆಗಳಲ್ಲಿ ತೇರು, ಕುಸ್ತಿ, ಚಕ್ಕಡಿ ಓಟಗಳ ಜೊತೆಗೆ ಹರಿಗೋಲಿನ ಒಂದು ಪಂದ್ಯವನ್ನೂ ಏರ್ಪಡಿಸಿದರೆ, ಆ ಕುಶಲತೆಗೆ ಗೌರವವೂ ಉಳಿಯುತ್ತದೆ, ನೆರೆಯ ದಿನಕ್ಕೆ ನುರಿತ ಕೈಗಳೂ ಸಿದ್ಧವಾಗಿರುತ್ತವೆ.

ಮಳೆಗಾಲದಲ್ಲಿ ಬೆಳಗಾವಿಯ ಅನೇಕ ಸಜ್ಜನರು ಜಾಂಬೋಟಿ, ಕಣಕುಂಬಿ, ಚೋರ್ಲಾ ಘಟ್ಟಗಳ ಹಸಿರನ್ನೂ ಜಲಪಾತಗಳನ್ನೂ ನೋಡಲು ಕುಟುಂಬಸಮೇತ ಹೋಗುವರು. ಹೋಗುವುದು ಒಳ್ಳೆಯದೇ. ನೋಡಿ ಆನಂದಿಸುವ ಆ ನೀರೇ ಅಡವಿಯೊಳಗಿನ ಊರುಗಳ ದಾರಿಯನ್ನು ಮುಚ್ಚಿದೆಯೆಂಬುದನ್ನು ಅವರು ಅರಿತಿರಬೇಕು. ತಮ್ಮ ಪಂಚಾಯಿತಿಯ, ಶಾಸನಸಭೆಯ ಪ್ರತಿನಿಧಿಗಳು ಮತ ಕೇಳಲು ಬಂದಾಗ ಆ ಕಾಲುಸೇತುವೆಗಳ ವಿಷಯವನ್ನೂ, ಆ ಪುನರ್ವಸತಿಯ ವಿಷಯವನ್ನೂ ಕೇಳಬೇಕು. ಅಡವಿಯ ಊರುಗಳ ಮತಗಳು ಕೆಲವೇ ಇರುವುದರಿಂದ ಅವರ ಕೂಗು ದೂರ ಕೇಳಿಸದು; ನಗರದವರ ದನಿಯೂ ಸೇರಿದರೆ ಕೇಳಿಸೀತು. ಬರುವ ಮೃಗಶಿರಾ ಮಳೆಗೆ ಮೊದಲೇ ಈ ಕೆಲಸ ಆಗಬೇಕು.